ದ್ರವ ರಾಸಾಯನಿಕಗಳನ್ನು ಚೆಲ್ಲದಂತೆ ಬಗ್ಗಿಸುವ, ಅಳೆಯುವ ಕ್ರಮ

ದ್ರವ ರಾಸಾಯನಿಕವು ತಯಾರಕರು ಮುಚ್ಚಿ ಕಳುಹಿಸಿದ ಪಾತ್ರೆಯೊಳಗೆ ಇರುವಷ್ಟು ಕಾಲ ಸಾಮಾನ್ಯವಾಗಿ ಯಾರ ತಂಟೆಗೂ ಬರುವುದಿಲ್ಲ. ಡ್ರಮ್ಮಿನಿಂದ ಕ್ಯಾನಿಗೆ, ಕ್ಯಾನಿನಿಂದ ಅಳತೆಯ ಜಾಡಿಗೆ, ಜಾಡಿಯಿಂದ ತೊಟ್ಟಿಗೆ ಅದನ್ನು ಬಗ್ಗಿಸುವ ಆ ಕೆಲವೇ ನಿಮಿಷಗಳಲ್ಲಿ ಅದು ನೆಲಕ್ಕೆ ಚೆಲ್ಲುತ್ತದೆ, ಕಣ್ಣಿಗೆ ಸಿಡಿಯುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಚೆಲ್ಲಿದವನಿಗೆ ಜವಾಬ್ದಾರಿಯಿಲ್ಲ ಎಂದು ಬೈದು ಸುಮ್ಮನಾಗುವುದು ರೂಢಿಯಾಗಿದೆ. ಆದರೆ ಅಂಥ ಸಂದರ್ಭಗಳನ್ನು ಬಿಡಿಸಿ ನೋಡಿದರೆ ಮತ್ತೆ ಮತ್ತೆ ಎದುರಾಗುವ ಕಾರಣಗಳು ಎರಡು: ದ್ರವ ಬಿಟ್ಟುಹೋದ ಜಾಗಕ್ಕೆ ಗಾಳಿ ಬರಲು ದಾರಿ ಇರಲಿಲ್ಲ, ಅಥವಾ ಹರಿವನ್ನು ಯಾವಾಗ, ಹೇಗೆ ನಿಲ್ಲಿಸಬೇಕೆಂದು ಯಾರೂ ಮೊದಲೇ ಯೋಚಿಸಿರಲಿಲ್ಲ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ಎರಡು ವಿಷಯಗಳ ಸುತ್ತಲೇ ಇವೆ.

ಹಂತ 1: ಮುಚ್ಚಳಕ್ಕೆ ಕೈ ಹಾಕುವ ಮೊದಲು ಓದಿಕೊಳ್ಳಿ

ಪ್ರತಿ ರಾಸಾಯನಿಕದ ಜೊತೆಗೂ ದೊರೆಯುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ವಿಭಾಗಗಳಿರುತ್ತವೆ. ಬಗ್ಗಿಸುವ ಕೆಲಸ ಮಾಡುವವರು ಮುಖ್ಯವಾಗಿ ನೋಡಬೇಕಾದದ್ದು 7ರಿಂದ 10ರವರೆಗಿನ ವಿಭಾಗಗಳನ್ನು. ಬಳಸುವ ಮತ್ತು ಇಡುವ ರೀತಿ, ತೊಡಬೇಕಾದ ರಕ್ಷಣಾ ಉಡುಪು, ಸಾಂದ್ರತೆ (ಒಂದು ಲೀಟರಿನ ತೂಕ) ಮತ್ತು ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ), ಯಾವ ವಸ್ತುವಿನೊಡನೆ ಸೇರಬಾರದು ಎಂಬ ವಿವರಗಳು ಅನುಕ್ರಮವಾಗಿ ಅಲ್ಲಿವೆ. ಪ್ರಥಮ ಚಿಕಿತ್ಸೆಯ 4ನೆಯ ವಿಭಾಗವನ್ನೂ ಸೋರಿಕೆಯ 6ನೆಯ ವಿಭಾಗವನ್ನೂ ಕೆಲಸ ಶುರುವಾಗುವ ಮೊದಲೇ ಓದಿರಬೇಕು. ಕಣ್ಣಿಗೆ ಆಮ್ಲ ಸಿಡಿದ ಮೇಲೆ ಹಾಳೆ ಹುಡುಕುವುದು ಆಗದ ಮಾತು.

ಸಾಂದ್ರತೆಯ ಅಂಕಿಯನ್ನು ಬಹಳ ಮಂದಿ ಲಕ್ಷಿಸುವುದಿಲ್ಲ. ನೀರು ತುಂಬಿದ 20 ಲೀಟರ್ ಕ್ಯಾನು 20 ಕೆ.ಜಿ. ತೂಗಿದರೆ, ಶೇ. 98ರ ಸಲ್ಫ್ಯೂರಿಕ್ ಆಮ್ಲ ತುಂಬಿದ ಅದೇ ಕ್ಯಾನು ಸುಮಾರು 37 ಕೆ.ಜಿ. ತೂಗುತ್ತದೆ. ನೀರಿನ ಕ್ಯಾನೆಂಬ ಅಂದಾಜಿನಲ್ಲಿ ಎತ್ತಿದ ಕೈ ಅರ್ಧದಲ್ಲೇ ಸೋತು, ಕ್ಯಾನು ಜೋತುಬಿದ್ದು ಬಾಯಿಯಿಂದ ತುಳುಕುವುದು ಹೀಗೆ. ಆದ್ದರಿಂದ ಅಷ್ಟು ಭಾರದ ಪಾತ್ರೆಯನ್ನು ಕೈಯಿಂದ ಬಗ್ಗಿಸುವ ಯೋಚನೆಯನ್ನೇ ಬಿಟ್ಟು ಪಂಪು ಅಥವಾ ಬಾಗಿಸುವ ಸ್ಟ್ಯಾಂಡನ್ನು ಬಳಸಬೇಕು.

ಉಷ್ಣತೆಯ ವಿಷಯವೂ ಇದೆ. ಶೇ. 50ರ ಕಾಸ್ಟಿಕ್ ಸೋಡಾ ದ್ರಾವಣ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೂ ಗ್ಲೇಸಿಯಲ್ (ನೀರು ಬೆರೆಯದ) ಅಸಿಟಿಕ್ ಆಮ್ಲ ಸುಮಾರು 16.6 ಡಿಗ್ರಿಯಲ್ಲೂ ಗಟ್ಟಿಯಾಗತೊಡಗುತ್ತವೆ. ಚಳಿಯ ಬೆಳಿಗ್ಗೆ ನಲ್ಲಿ ತಿರುಗಿಸಿದರೂ ಏನೂ ಬಾರದಿದ್ದಾಗ ಅದನ್ನು ಪೂರ್ತಿ ತೆರೆದಿಟ್ಟು, ಕಡ್ಡಿಯಿಂದ ಕೆದಕಿ, ಕೊನೆಗೆ ಒಮ್ಮೆಲೇ ಧುಮ್ಮಿಕ್ಕುವ ಹರಿವಿಗೆ ಸಿಕ್ಕುವುದಕ್ಕಿಂತ, ನಲ್ಲಿಯನ್ನು ಮುಚ್ಚಿ, ತಯಾರಕರು ಹೇಳಿದ ರೀತಿಯಲ್ಲಿ ಪಾತ್ರೆಯನ್ನು ನಿಧಾನವಾಗಿ ಬೆಚ್ಚಗಾಗಿಸಿ ಮುಂದುವರಿಯುವುದು ಸರಿ.

ಹಂತ 2: ಪಾತ್ರೆ, ಕೊಳವೆ, ವಾಷರ್ ತಾಳುತ್ತವೆಯೇ ನೋಡಿ

ಪಾತ್ರೆ ಗಟ್ಟಿಯಾಗಿದ್ದರೆ ಸಾಲದು, ಒಳಗಿನ ದ್ರವವನ್ನು ತಾಳಿಕೊಳ್ಳಬೇಕು. ಕ್ಯಾನುಗಳಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ಕು ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ದ್ರಾವಣ, ಬ್ಲೀಚ್‌ಗಳನ್ನು ಚೆನ್ನಾಗಿ ತಾಳುತ್ತದೆ. ಆದರೆ ಟಾಲ್ಯೂಯೀನ್‌ನಂಥ ದ್ರಾವಕಗಳಲ್ಲಿ ಬಹುಕಾಲ ಇದ್ದರೆ ಉಬ್ಬಿ ಮೆತ್ತಗಾಗುತ್ತದೆ. ತುಕ್ಕು ಹಿಡಿಯದ ಉಕ್ಕೆಂಬ ಹೆಸರಿದ್ದರೂ ಸ್ಟೇನ್‌ಲೆಸ್ ಸ್ಟೀಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸೋಲುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಕಾಸ್ಟಿಕ್ ಸೋಡಾ ಸುರಿದರೆ ಲೋಹ ಕರಗುವುದಷ್ಟೇ ಅಲ್ಲದೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹೊರಬರುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವು ಗಾಜನ್ನೇ ತಿನ್ನುತ್ತದೆ.

ಪಾತ್ರೆಯನ್ನು ಪರೀಕ್ಷಿಸುವವರೂ ಅನೇಕ ವೇಳೆ ಪಂಪಿನೊಳಗಿನ ರಬ್ಬರನ್ನು ಮರೆಯುತ್ತಾರೆ. ವೈಟಾನ್ ಸೀಲುಗಳು ಪೆಟ್ರೋಲಿಯಂ ದ್ರಾವಕಗಳಿಗೆ ಒಳ್ಳೆಯವು, ಆದರೆ ಅಸಿಟೋನ್‌ನಲ್ಲಿ ಊದಿಕೊಳ್ಳುತ್ತವೆ. ಇಪಿಡಿಎಂ ರಬ್ಬರಿನ ಗುಣ ಹೆಚ್ಚುಕಡಿಮೆ ಇದಕ್ಕೆ ತಿರುವುಮುರುವು, ಅದು ಅಸಿಟೋನನ್ನು ತಾಳುತ್ತದೆ, ಎಣ್ಣೆಯಲ್ಲಿ ಕೆಡುತ್ತದೆ. ಟೆಫ್ಲಾನ್ ಬಹುತೇಕ ಎಲ್ಲವನ್ನೂ ತಾಳುತ್ತದೆ. ಊದಿದ ಸೀಲು ಮೊದಲ ದಿನ ಸೋರುವುದಿಲ್ಲ, ಕೆಲವು ದಿನ ಕಳೆದ ಮೇಲೆ ಹಿಡಿಕೆಯ ಬುಡದಲ್ಲಿ ಜಿನುಗತೊಡಗುತ್ತದೆ. ಆ ಹೊತ್ತಿಗೆ ಆ ಪಂಪಿನ ಮೇಲೆ ಎಲ್ಲರಿಗೂ ನಂಬಿಕೆ ಬಂದುಬಿಟ್ಟಿರುತ್ತದೆ.

ಒಂದೊಂದು ರಾಸಾಯನಿಕಕ್ಕೂ ಪ್ರತ್ಯೇಕ ಪಂಪು, ಪ್ರತ್ಯೇಕ ಲಾಳಿಕೆ ಇರಬೇಕು, ಅವುಗಳ ಮೇಲೆ ಹೆಸರು ಬರೆದಿರಬೇಕು. ಆಮ್ಲಕ್ಕೆ ಬಳಸಿದ ಪಂಪನ್ನು ಬ್ಲೀಚ್‌ಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ತೊಳೆದಿದ್ದೇವೆ ಎಂಬ ಮಾತನ್ನು ಇಂಥ ಕಡೆ ನಂಬಬಾರದು, ಏಕೆಂದರೆ ಪಂಪಿನ ಕವಾಟಗಳ ಸಂದಿಯಲ್ಲಿ ನಿಂತ ದ್ರವ ತೊಳೆದವರ ಕಣ್ಣಿಗೆ ಬೀಳುವುದಿಲ್ಲ. ಇನ್ನು ಕುಡಿಯುವ ನೀರಿನ ಬಾಟಲಿಗೆ ಯಾವುದೇ ರಾಸಾಯನಿಕವನ್ನು ಒಂದು ಗಳಿಗೆಯ ಮಟ್ಟಿಗೂ ತುಂಬಬಾರದು.

ಹಂತ 3: ಜಾಗವನ್ನೂ ನಿಮ್ಮನ್ನೂ ಸಜ್ಜುಗೊಳಿಸಿ

ಎರಡೂ ಪಾತ್ರೆಗಳನ್ನು ಅಂಚುಳ್ಳ ಟ್ರೇಯ ಮೇಲೆ, ಗಾಳಿ ಆಡುವ ಕಡೆ, ಚರಂಡಿಯ ಬಾಯಿಯಿಂದ ದೂರ ಇಡಬೇಕು. ಟ್ರೇಯಲ್ಲಿರುವ ಅತಿ ದೊಡ್ಡ ಪಾತ್ರೆಯ ಶೇ. 110ರಷ್ಟಾದರೂ ಹಿಡಿಸುವ ಟ್ರೇ ಇರಬೇಕೆಂಬುದು ವ್ಯಾಪಕವಾಗಿ ಪಾಲಿಸುವ ಲೆಕ್ಕ. ಮುಖ ಮತ್ತು ಕಣ್ಣು ತೊಳೆಯುವ ನೀರಿನ ಆಸರೆ ಸುಮಾರು 10 ಸೆಕೆಂಡುಗಳಲ್ಲಿ ತಲುಪುವಷ್ಟು ಹತ್ತಿರವಿರಬೇಕು, ದಾರಿಯಲ್ಲಿ ಖಾಲಿ ಡ್ರಮ್ಮುಗಳನ್ನು ಒಟ್ಟಿರಬಾರದು. ಕಣ್ಣಿಗೆ ಸುತ್ತಲೂ ಕವಿದುಕೊಳ್ಳುವ ಗಾಗಲ್ಸ್, ಸಿಡಿಯುವಂಥದ್ದಾದರೆ ಅದರ ಮೇಲೆ ಮುಖಕವಚ, ಏಪ್ರನ್, ಬೂಟು ಬೇಕು. ಪ್ಯಾಂಟಿನ ಕಾಲು ಬೂಟಿನ ಹೊರಗಿರಬೇಕು, ಇಲ್ಲವಾದರೆ ಚೆಲ್ಲಿದ್ದು ನೇರವಾಗಿ ಬೂಟಿನೊಳಗೆ ಇಳಿಯುತ್ತದೆ. ಕೈಗವಸನ್ನು ರಾಸಾಯನಿಕಕ್ಕೆ ತಕ್ಕಂತೆ ಆರಿಸಬೇಕು. ನೈಟ್ರೈಲ್ ಕೈಗವಸು ಎಣ್ಣೆ, ಪೆಟ್ರೋಲಿಯಂಗಳಿಗೆ ಸರಿ, ಅಸಿಟೋನ್‌ಗೆ ಬ್ಯುಟೈಲ್ ರಬ್ಬರಿನದೇ ಆಗಬೇಕು.

ಹಂತ 4: ಒತ್ತಡ ಬಿಡಿಸಿ ತೆರೆಯಿರಿ

ಬಿಸಿಲಿನಲ್ಲಿದ್ದ ಡ್ರಮ್ಮಿನೊಳಗೆ ಆವಿಯ ಒತ್ತಡ ಸೇರಿರುತ್ತದೆ. ಬಿರಡೆಯನ್ನು ಒಂದೇ ಸಲಕ್ಕೆ ತಿರುಗಿಸಿ ತೆಗೆಯದೆ, ಅರ್ಧ ಸುತ್ತು ಸಡಿಲಿಸಿ, ಸುಂಯ್ ಎಂಬ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಮುಖವನ್ನು ಬಿರಡೆಯ ನೇರಕ್ಕೆ ಹಿಡಿಯಬಾರದು. ಬ್ಲೀಚ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ತಾವಾಗಿಯೇ ನಿಧಾನವಾಗಿ ಆಮ್ಲಜನಕ ಬಿಡುವುದರಿಂದ ಅವುಗಳ ಕ್ಯಾನಿಗೆ ಗಾಳಿಕಿಂಡಿಯುಳ್ಳ ಮುಚ್ಚಳವಿರುತ್ತದೆ. ಬುಡವೂ ಮೇಲ್ಭಾಗವೂ ಉಬ್ಬಿದ ಡ್ರಮ್ಮನ್ನು ತೆರೆಯುವ ಸಾಹಸಕ್ಕೆ ಹೋಗದೆ, ಎಲ್ಲರನ್ನೂ ದೂರ ಸರಿಸಿ, ಪೂರೈಸಿದವರನ್ನು ಅಥವಾ ತಿಳಿದವರನ್ನು ಕರೆಯಿಸಬೇಕು.

ಹಂತ 5: ಕೈಯಿಂದ ಬಗ್ಗಿಸುವಾಗ ಗಾಳಿಗೆ ದಾರಿ ಬಿಡಿ

ಪಾತ್ರೆಯಿಂದ ಒಂದು ಲೀಟರ್ ದ್ರವ ಹೊರಬಂದರೆ ಒಂದು ಲೀಟರ್ ಗಾಳಿ ಒಳಹೋಗಬೇಕು. ಬಾಯಿ ಒಂದೇ ಇದ್ದು, ಅದು ದ್ರವದಿಂದಲೇ ತುಂಬಿದ್ದರೆ ಗಾಳಿ ಮತ್ತು ದ್ರವ ಸರದಿಯ ಮೇಲೆ ನುಗ್ಗುತ್ತವೆ. ಗುಳುಗುಳು ಎಂದು ಕೇಳುವ ಸದ್ದು ಅದೇ. ಒಂದು ಗುಳುಕಿಗೂ ಇನ್ನೊಂದಕ್ಕೂ ನಡುವೆ ಹರಿವು ನಿಂತು, ಮರುಕ್ಷಣ ಧಾರೆ ಮುಂದಕ್ಕೆ ಚಿಮ್ಮುತ್ತದೆ, ಲಾಳಿಕೆಯ ಅಂಚು ದಾಟಿ ಬೀಳುವುದು ಆ ಚಿಮ್ಮಿದ ಭಾಗ. ಬಗ್ಗಿಸುವಾಗ ಈ ಸದ್ದು ಕೇಳಿದರೆ ಕೈ ಎಷ್ಟೇ ಸ್ಥಿರವಾಗಿದ್ದರೂ ಚೆಲ್ಲುವುದು ಖಚಿತವೆಂದು ತಿಳಿದು ಕ್ಯಾನನ್ನು ಹಿಂದಕ್ಕೆ ಎತ್ತಬೇಕು.

ಕ್ಯಾನಿನ ಬಾಯಿ ಸಾಮಾನ್ಯವಾಗಿ ಮಧ್ಯದಲ್ಲಿರದೆ ಒಂದು ಅಂಚಿಗಿರುತ್ತದೆ. ತುಂಬಿದ ಕ್ಯಾನನ್ನು ಬಾಗಿಸುವಾಗ ಹೆಚ್ಚಿನವರು ಬಾಯಿ ಕೆಳಗಡೆಗೆ, ಅಂದರೆ ಲಾಳಿಕೆಗೆ ಹತ್ತಿರವಾಗುವಂತೆ ಹಿಡಿಯುತ್ತಾರೆ. ನೋಡಲು ಸಹಜವಾಗಿ ಕಾಣುವ ಈ ರೀತಿ ತಪ್ಪು. ಹೀಗೆ ಹಿಡಿದಾಗ ಬಾಯಿ ಮೊದಲ ಕ್ಷಣದಲ್ಲೇ ದ್ರವದಲ್ಲಿ ಮುಳುಗಿ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಅದೇ ಕ್ಯಾನನ್ನು ತಿರುಗಿಸಿ, ಬಾಗಿಸಿದಾಗ ಬಾಯಿ ಮೇಲಿನ ಅಂಚಿನಲ್ಲಿ ಉಳಿಯುವಂತೆ ಹಿಡಿದರೆ, ದ್ರವವು ಬಾಯಿಯ ಕೆಳಗಿನ ಅರ್ಧದಲ್ಲಿ ಹರಿದು, ಮೇಲಿನ ಅರ್ಧದಲ್ಲಿ ಗಾಳಿ ಸದ್ದಿಲ್ಲದೆ ಒಳಹೋಗುತ್ತದೆ. ಮೊದಲ ಸಲ ಇದನ್ನು ನೀರು ತುಂಬಿದ ಕ್ಯಾನಿನಲ್ಲಿ ಮಾಡಿ ನೋಡುವುದು ಒಳ್ಳೆಯದು. ಎರಡು ರೀತಿಯ ವ್ಯತ್ಯಾಸ ಅರ್ಧ ನಿಮಿಷದಲ್ಲಿ ಕಣ್ಣಿಗೆ ಕಾಣುತ್ತದೆ. ಕ್ಯಾನಿಗೆ ಪ್ರತ್ಯೇಕ ಗಾಳಿಕಿಂಡಿ ಇದ್ದರೆ ಅದನ್ನು ತೆರೆಯಲು ಮರೆಯಬಾರದು.

ತುಂಬುವ ಪಾತ್ರೆಯಲ್ಲಿಯೂ ಇದೇ ನಿಯಮ ತಿರುಗಿ ಅನ್ವಯಿಸುತ್ತದೆ. ಲಾಳಿಕೆಯು ಬಾಟಲಿಯ ಕತ್ತಿಗೆ ಬಿಗಿಯಾಗಿ ಕೂತರೆ ಒಳಗಿನ ಗಾಳಿ ಹೊರಬರಲಾಗದೆ ಲಾಳಿಕೆಯಲ್ಲಿ ದ್ರವ ನಿಂತುಬಿಡುತ್ತದೆ, ಹೊರಗಿನಿಂದ ನೋಡುವವರಿಗೆ ಅದು ತುಂಬಿದಂತೆ ಕಾಣುತ್ತದೆ. ಆಗ ಲಾಳಿಕೆಯನ್ನು ಎತ್ತಿದರೆ ನಿಂತದ್ದೆಲ್ಲ ಒಮ್ಮೆಗೇ ಇಳಿದು, ಒಳಗಿನ ಗಾಳಿ ಬುಳಕ್ಕೆಂದು ಮೇಲೆ ಬರುತ್ತ ದ್ರವವನ್ನು ಕೈಗೆ ಎರಚುತ್ತದೆ. ಹೊರಮೈಯಲ್ಲಿ ಏಣುಗಳಿರುವ ಲಾಳಿಕೆಯನ್ನು ಬಳಸುವುದು ಅಥವಾ ಕತ್ತು ಮತ್ತು ಲಾಳಿಕೆಯ ನಡುವೆ ತೆಳುವಾದ, ಆ ರಾಸಾಯನಿಕವನ್ನು ತಾಳುವ ಪಟ್ಟಿಯೊಂದನ್ನು ಇಟ್ಟು ಸಂದಿ ಉಳಿಸುವುದು ಇದಕ್ಕೆ ಪರಿಹಾರ.

ಗಾಜಿನ ಬಾಟಲಿಯಿಂದ ಬಗ್ಗಿಸುವಾಗ ಹೆಸರುಚೀಟಿ ಅಂಗೈಗೆ ತಾಗುವಂತೆ, ಅಂದರೆ ಮೇಲ್ಮುಖವಾಗಿ ಹಿಡಿಯಬೇಕು. ಕೊನೆಯ ಹನಿ ಬಾಟಲಿಯ ಕೆಳಬದಿಗುಂಟ ಹಿಂದಕ್ಕೆ ಹರಿಯುವ ಸ್ವಭಾವ ಹೆಚ್ಚಿನ ದ್ರವಗಳಿಗೆ ಇದೆ. ಚೀಟಿ ಕೆಳಗಿದ್ದರೆ ಆಮ್ಲ ಅದನ್ನು ಸುಟ್ಟುಹಾಕಿ, ಸ್ವಲ್ಪ ಕಾಲದಲ್ಲಿ ಹೆಸರಿಲ್ಲದ ಬಾಟಲಿಯೊಂದು ಕಪಾಟಿನಲ್ಲಿ ಉಳಿಯುತ್ತದೆ. ಧಾರೆಯನ್ನು ನಿಲ್ಲಿಸುವಾಗ ಬಾಟಲಿಯ ಬಾಯಿಯನ್ನು ತುಂಬುವ ಪಾತ್ರೆಯ ಅಂಚಿಗೆ ಅಥವಾ ಗಾಜಿನ ಕಡ್ಡಿಗೆ ತಾಗಿಸಿ, ತುಸು ತಿರುಗಿಸುತ್ತ ಎತ್ತಿದರೆ ಆ ಹನಿ ಸೇರಬೇಕಾದ ಕಡೆಗೇ ಸೇರುತ್ತದೆ. ಬಾಟಲಿಯನ್ನು ಕತ್ತು ಹಿಡಿದು ಹೊತ್ತೊಯ್ಯಬಾರದು. ಇನ್ನೊಂದು ಕೈ ಬುಡದಲ್ಲಿರಬೇಕು, ದೂರ ಹೋಗಬೇಕಾದರೆ ಬಾಟಲಿ ಹೊರುವ ಬುಟ್ಟಿ ಬೇಕು.

ಹಂತ 6: ಪಂಪು, ನಲ್ಲಿ, ಸೈಫನ್ ಬಳಸುವಾಗ ನಿಲ್ಲಿಸುವ ಬಗೆಯನ್ನು ಮೊದಲು ಕಲಿಯಿರಿ

ಡ್ರಮ್ಮಿನಿಂದ ತೆಗೆಯಲು ಕೈಪಂಪು ಅಥವಾ ಡ್ರಮ್ ಪಂಪು ಸಾಮಾನ್ಯವಾಗಿ ಎಲ್ಲಕ್ಕಿಂತ ಒಳ್ಳೆಯ ಸಾಧನವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಡ್ರಮ್ಮು ನೆಟ್ಟಗೆ ನಿಂತಿರುತ್ತದೆ, ಕೆಲಸ ನಿಂತಾಗ ದ್ರವ ತಾನಾಗಿ ಕೆಳಗಿಳಿಯುತ್ತದೆ. ಆದರೆ ಒಂದು ಸಂದರ್ಭದಲ್ಲಿ ಇದು ಕೈಕೊಡುತ್ತದೆ. ತುಂಬುವ ಕ್ಯಾನು ಡ್ರಮ್ಮಿನೊಳಗಿನ ದ್ರವಮಟ್ಟಕ್ಕಿಂತ ಕೆಳಗಿದ್ದು, ಕೊಳವೆಯಲ್ಲಿ ದ್ರವ ತುಂಬಿದ್ದರೆ, ಕೈಪಂಪನ್ನು ತಿರುಗಿಸುವುದು ನಿಲ್ಲಿಸಿದರೂ ಸೈಫನ್ ಕ್ರಿಯೆಯಿಂದ (ಮೇಲಿನ ದ್ರವ ತುಂಬಿದ ಕೊಳವೆಯ ಮೂಲಕ ತಾನಾಗಿಯೇ ಕೆಳಗಿನ ಪಾತ್ರೆಗೆ ಇಳಿಯುವುದರಿಂದ) ಹರಿವು ಮುಂದುವರಿಯಬಹುದು. ಪಂಪು ನಿಂತಿತೆಂದು ಬೆನ್ನು ತಿರುಗಿಸಿದಾಗ ಕ್ಯಾನು ತುಂಬಿ ಹರಿಯುವುದು ಹೀಗೆ. ಕೊಳವೆಯ ತುದಿಯಲ್ಲಿ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ನಲ್ಲಿ ಅಥವಾ ಪಂಪಿನ ತಲೆಯಲ್ಲಿ ಗಾಳಿ ಒಳಬಿಡುವ ಸೈಫನ್ ತಡೆ ಕವಾಟ ಇರಲೇಬೇಕು. ಪಂಪು ನಡೆಸುವಾಗ ಡ್ರಮ್ಮಿನ ಎರಡನೆಯ ಬಿರಡೆಯನ್ನೂ ಸಡಿಲಿಸಿರಬೇಕು, ಇಲ್ಲವಾದರೆ ಒಳಗೆ ನಿರ್ವಾತ ಉಂಟಾಗಿ ಹರಿವು ಕುಗ್ಗುತ್ತದೆ, ತೆಳು ಡ್ರಮ್ಮಾದರೆ ಬದಿ ಒಳಕ್ಕೆ ಕುಸಿಯುತ್ತದೆ.

ಸೈಫನ್ ಕೊಳವೆಯನ್ನು ಬಾಯಿಂದ ಎಳೆದು ಶುರುಮಾಡುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಯಾವ ದ್ರವಕ್ಕೂ ಮಾಡಬಾರದು; ರಬ್ಬರ್ ಬುರುಡೆಯ ಸೈಫನ್ ಪಂಪು ಅಗ್ಗವಾಗಿ ಸಿಗುತ್ತದೆ. ಡ್ರಮ್ಮಿನೊಳಗೆ ಕಂಪ್ರೆಸರ್ ಗಾಳಿ ಬಿಟ್ಟು ದ್ರವವನ್ನು ಹೊರತಳ್ಳುವುದು ಅದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಸಾಮಾನ್ಯ ಡ್ರಮ್ಮು ಒತ್ತಡ ತಾಳಲು ಮಾಡಿದ್ದಲ್ಲ.

ಡ್ರಮ್ಮನ್ನು ಅಡ್ಡ ಮಲಗಿಸಿ ನಲ್ಲಿಯಿಂದ ಹಿಡಿಯುವುದಾದರೆ, ಡ್ರಮ್ಮು ನೆಟ್ಟಗಿರುವಾಗಲೇ ನಲ್ಲಿಯನ್ನು ಬಿಗಿದು, ಮುಚ್ಚಿದೆಯೆಂದು ನೋಡಿ, ಆಮೇಲೆ ತೊಟ್ಟಿಲಿನಂಥ ಸ್ಟ್ಯಾಂಡಿನ ಮೇಲೆ ಒರಗಿಸಬೇಕು. ನಲ್ಲಿ ಕೆಳಗಡೆ, ಗಾಳಿಕಿಂಡಿ ಮೇಲ್ಗಡೆ ಬರಬೇಕು. ಕೈ ಬಿಟ್ಟರೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ನಲ್ಲಿಯನ್ನೇ ಆರಿಸಬೇಕು. ಅದರ ಹಿಡಿಕೆಗೆ ತಂತಿ ಕಟ್ಟಿ ತೆರೆದೇ ಇರುವಂತೆ ಮಾಡುವುದು ಕೆಲಸಗಾರರ ಹಳೆಯ ಜಾಣತನ, ನಲ್ಲಿಯ ಉದ್ದೇಶವನ್ನೇ ಅದು ಕೆಡಿಸುತ್ತದೆ.

ಕೊಳವೆಯನ್ನು ಬಿಡಿಸುವ ಮೊದಲು ಅದರೊಳಗಿನದು ಪೂರ್ತಿ ಬಸಿದಿರಬೇಕು. 25 ಮಿ.ಮೀ. ಒಳವ್ಯಾಸದ ಕೊಳವೆಯ ಪ್ರತಿ ಮೀಟರಿನಲ್ಲೂ ಸುಮಾರು ಅರ್ಧ ಲೀಟರ್ ದ್ರವ ನಿಲ್ಲುತ್ತದೆ. ಡ್ರಮ್ಮಿನೊಳಗಿರುವ ಕೊಳವೆಯ ತುದಿಯನ್ನು ದ್ರವದಿಂದ ಮೇಲೆತ್ತಿ ಗಾಳಿ ಒಳಬರುವಂತೆ ಮಾಡಿ, ಉಳಿದದ್ದು ಇಳಿಯುವವರೆಗೆ ಕಾದು, ಬಿಡಿಸಿದ ಕೂಡಲೇ ಎರಡೂ ತುದಿಗಳಿಗೆ ಮುಚ್ಚಳ ಹಾಕಬೇಕು.

ಹಂತ 7: ಹೊತ್ತಿಕೊಳ್ಳುವ ದ್ರವಗಳಿಗೆ ಸ್ಥಾಯೀ ವಿದ್ಯುತ್ತಿನ ಮುನ್ನೆಚ್ಚರಿಕೆ

ಫ್ಲ್ಯಾಶ್ ಪಾಯಿಂಟ್ ಎಂದರೆ ದ್ರವದ ಮೇಲಿನ ಆವಿ ಕಿಡಿ ತಗುಲಿ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ. ಟಾಲ್ಯೂಯೀನ್‌ಗೆ ಇದು ಸುಮಾರು 4 ಡಿಗ್ರಿ, ಅಸಿಟೋನ್‌ಗೆ ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್. ಅಂದರೆ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಈ ದ್ರವಗಳ ಬಾಯಿ ತೆರೆದ ಕೂಡಲೇ ಹೊತ್ತಿಕೊಳ್ಳಲು ಬೇಕಾದ ಆವಿ ಅಲ್ಲಿ ಸಿದ್ಧವಾಗಿರುತ್ತದೆ. ಬೆಂಕಿಕಡ್ಡಿ ಇಲ್ಲದಿದ್ದರೂ ಕಿಡಿ ಹುಟ್ಟುತ್ತದೆ. ಟಾಲ್ಯೂಯೀನ್, ಹೆಕ್ಸೇನ್, ಪೆಟ್ರೋಲ್‌ನಂಥ ವಿದ್ಯುತ್ ಹರಿಯಗೊಡದ ದ್ರವಗಳು ಕೊಳವೆಯಲ್ಲಿ ಓಡುವಾಗ ಉಜ್ಜಾಟದಿಂದ ವಿದ್ಯುತ್ ಆವೇಶ ಪಡೆದು, ಅದನ್ನು ತುಂಬುವ ಪಾತ್ರೆಗೆ ಒಯ್ದು ಸೇರಿಸುತ್ತವೆ. ಆವೇಶ ಸಾಕಷ್ಟು ಕೂಡಿದಾಗ ಪಾತ್ರೆಯ ಅಂಚಿಗೂ ನಲ್ಲಿಯ ಮೂತಿಗೂ ನಡುವೆ ಕಿಡಿ ಹಾರುತ್ತದೆ, ಆವಿ ದಟ್ಟವಾಗಿರುವುದೂ ಅಲ್ಲೇ.

ಆದ್ದರಿಂದ ಇಂಥ ದ್ರವಗಳಿಗೆ ಲೋಹದ ಪಾತ್ರೆಯೇ ಬೇಕು. ಡ್ರಮ್ಮನ್ನು ಭೂಮಿಗೆ ತಂತಿಯಿಂದ ಜೋಡಿಸಿ, ಡ್ರಮ್ಮಿಗೂ ತುಂಬುವ ಪಾತ್ರೆಗೂ ಇನ್ನೊಂದು ತಂತಿ ಹಾಕಬೇಕು. ಲೋಹದ ಲಾಳಿಕೆ ಇದ್ದರೆ ಅದೂ ಈ ಸರಣಿಯಲ್ಲಿ ಸೇರಬೇಕು. ಕ್ಲಿಪ್ಪಿನ ಹಲ್ಲು ಬಣ್ಣವನ್ನು ಸೀಳಿ ಬರಿಯ ಲೋಹವನ್ನು ಕಚ್ಚಿರಬೇಕು. ಬಣ್ಣದ ಮೇಲೆ ಸಿಕ್ಕಿಸಿದ ಕ್ಲಿಪ್ಪು ತೋರಿಕೆಯದು ಮಾತ್ರ. ಮುಚ್ಚಳ ತೆರೆಯುವ ಮೊದಲು ತಂತಿ ಜೋಡಿಸಿ, ಎಲ್ಲವನ್ನೂ ಮುಚ್ಚಿದ ಮೇಲೆ ತೆಗೆಯಬೇಕು.

ದ್ರವವನ್ನು ಎತ್ತರದಿಂದ ಬೀಳಿಸಿದರೆ ಆವೇಶವೂ ಹೆಚ್ಚು, ಆವಿಯೂ ಹೆಚ್ಚು. ತುಂಬುವ ಕೊಳವೆಯ ತುದಿ ಪಾತ್ರೆಯ ತಳಕ್ಕೆ ಹತ್ತಿರವಿರಬೇಕು, ಅದು ದ್ರವದಲ್ಲಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ ಒಂದು ಮೀಟರ್ ಮೀರಬಾರದು. 25 ಮಿ.ಮೀ. ಕೊಳವೆಯಲ್ಲಿ ಈ ವೇಗವೆಂದರೆ ನಿಮಿಷಕ್ಕೆ ಸುಮಾರು 29 ಲೀಟರ್. ದಾರಿಯಲ್ಲಿ ಸೂಕ್ಷ್ಮ ಫಿಲ್ಟರ್ ಇದ್ದರೆ ಅದು ಆವೇಶವನ್ನು ಬಹಳಷ್ಟು ಏರಿಸುತ್ತದೆಂಬುದನ್ನೂ ಗಮನದಲ್ಲಿಡಬೇಕು. ಈ ದ್ರಾವಕಗಳ ಆವಿ ಗಾಳಿಗಿಂತ ಭಾರವಾಗಿದ್ದು ನೆಲಗುಂಟ ಹರಿಯುವುದರಿಂದ, ಮೂಲೆಯಲ್ಲಿರುವ ಮೋಟಾರನ್ನು ದೂರದಲ್ಲಿದೆಯೆಂದು ಬಿಡುವಂತಿಲ್ಲ. ಬಳಸುವ ವಿದ್ಯುತ್ ಪಂಪು ಸ್ಫೋಟಕ ಆವಿ ಇರುವ ಜಾಗಕ್ಕೆಂದೇ ಪ್ರಮಾಣಿತವಾಗಿರಬೇಕು.

ಹಂತ 8: ಅಳೆಯುವಾಗ ಮತ್ತು ತೆಳುಗೊಳಿಸುವಾಗ

ಅಳತೆಯ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತದೆ, ಮೇಜಿನ ಮೇಲೇ ಇಟ್ಟು ನಾವು ಬಗ್ಗಿ ನೋಡಬೇಕು. ದೊಡ್ಡ ಪ್ರಮಾಣಕ್ಕೆ ತಕ್ಕಡಿ ಮೇಲು. ಕ್ಯಾನನ್ನು ತಕ್ಕಡಿಯ ಮೇಲಿಟ್ಟು, ಬೇಕಾದ ಲೀಟರನ್ನು ಸಾಂದ್ರತೆಯಿಂದ ಗುಣಿಸಿ, ಆ ತೂಕ ಬಂದಾಗ ನಿಲ್ಲಿಸಿದರೆ, ಒಳಗೆ ಎಷ್ಟು ತುಂಬಿತೆಂದು ಇಣುಕುವ ಅಗತ್ಯವೇ ಬೀಳುವುದಿಲ್ಲ. ಪಾತ್ರೆಯನ್ನು ಶೇ. 90ಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯ ರೂಢಿ. 25 ಲೀಟರ್ ಅಸಿಟೋನ್ 20 ಡಿಗ್ರಿಯಷ್ಟು ಬಿಸಿಯಾದರೆ ಸುಮಾರು 700 ಮಿ.ಲೀ. ಹಿಗ್ಗುತ್ತದೆ, ಕತ್ತಿನವರೆಗೆ ತುಂಬಿದ ಕ್ಯಾನಿನಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಪಿಪೆಟ್ಟನ್ನು ಬಾಯಿಂದ ಎಳೆಯಬಾರದು. ಹೆಚ್ಚಾಗಿ ತೆಗೆದದ್ದನ್ನು ಮೂಲ ಪಾತ್ರೆಗೆ ಮರಳಿ ಸುರಿಯಲೂಬಾರದು. ಹೈಡ್ರೋಜನ್ ಪೆರಾಕ್ಸೈಡ್‌ಗೆ ತುಕ್ಕಿನ ಒಂದಿಷ್ಟು ಪುಡಿ ಸೇರಿದರೂ ಅದು ವೇಗವಾಗಿ ವಿಘಟನೆಗೊಂಡು ಪಾತ್ರೆಯಲ್ಲಿ ಒತ್ತಡ ಏರುತ್ತದೆ.

ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ, ಕಲಕುತ್ತ ಸೇರಿಸಬೇಕು. ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ, ಹಗುರವಾದ ನೀರು ಮೇಲೆಯೇ ನಿಂತು, ಅಲ್ಲಿ ಹುಟ್ಟುವ ಶಾಖಕ್ಕೆ ಕುದಿದು, ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ತುಂಬಿದ ಪ್ರತಿ ಪಾತ್ರೆಗೂ ಅಲ್ಲೇ ನಿಂತು ಹೆಸರು, ಸಾಂದ್ರಣ, ಅಪಾಯದ ಚಿಹ್ನೆ ಮತ್ತು ದಿನಾಂಕದ ಚೀಟಿ ಅಂಟಿಸಬೇಕು.

ಹಂತ 9: ಆದರೂ ಚೆಲ್ಲಿದರೆ

ಮೈಗೆ ಅಥವಾ ಕಣ್ಣಿಗೆ ಬಿದ್ದಿದ್ದರೆ ನೆಲದ ಚಿಂತೆ ಬಿಟ್ಟು, ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ನೆನೆದ ಬಟ್ಟೆಯನ್ನು ತೆಗೆದು, ವೈದ್ಯರ ಬಳಿಗೆ ಕರೆದೊಯ್ಯಬೇಕು. ಹೈಡ್ರೋಫ್ಲೋರಿಕ್ ಆಮ್ಲ ಬಳಸುವ ಕಡೆ ಆ ಆಮ್ಲ ಬಿದ್ದ ಚರ್ಮಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆ ಸಿಗುವಂತಿರಬೇಕು. ನೆಲದ ಮೇಲಿನದಕ್ಕೆ ಮೊದಲು ಹರಿವಿನ ಮೂಲವನ್ನು ನಿಲ್ಲಿಸಿ, ಚರಂಡಿಯ ದಾರಿಯನ್ನು ಕಟ್ಟಿ, ಹೀರುವ ವಸ್ತುವನ್ನು ಹೊರ ಅಂಚಿನಿಂದ ನಡುವಿನ ಕಡೆಗೆ ಹರಡಬೇಕು. ಆಮ್ಲದ ಮೇಲೆ ಸೋಡಿಯಂ ಬೈಕಾರ್ಬೊನೇಟನ್ನು ನಿಧಾನವಾಗಿ ಉದುರಿಸಿ, ನೊರೆ ನಿಲ್ಲುವವರೆಗೆ ಕಾಯಬೇಕು. ನೈಟ್ರಿಕ್ ಆಮ್ಲ ಮತ್ತು ಪೆರಾಕ್ಸೈಡ್‌ಗಳಿಗೆ ಮರದ ಹೊಟ್ಟು, ಹತ್ತಿಯ ಚಿಂದಿ ಬೇಡ, ಅವು ಹೊತ್ತಿಕೊಳ್ಳಬಹುದು. ಅಲ್ಲಿಗೆ ವರ್ಮಿಕ್ಯುಲೈಟ್ (ಹೊತ್ತಿಕೊಳ್ಳದ, ಹೀರುವ ಖನಿಜ) ಅಥವಾ ಒಣ ಮರಳು ಸರಿ. ದ್ರಾವಕ ಚೆಲ್ಲಿದ ಕೋಣೆಯಲ್ಲಿ ದೀಪದ ಸ್ವಿಚ್ಚನ್ನು ಹಾಕುವುದೂ ಬೇಡ, ಆರಿಸುವುದೂ ಬೇಡ.

ಹಂತ 10: ಮುಗಿದ ಮೇಲೆ

ಎರಡೂ ಪಾತ್ರೆಗಳನ್ನು ಮುಚ್ಚಿ, ಹೊರಮೈ ಒರೆಸಿ, ಕೈಗವಸನ್ನು ತೆಗೆಯುವ ಮೊದಲೇ ತೊಳೆಯಬೇಕು. ಖಾಲಿಯಾದ ಡ್ರಮ್ಮಿನಲ್ಲಿ ದ್ರವ ಮುಗಿದಿದ್ದರೂ ಆವಿ ಉಳಿದಿರುತ್ತದೆ. ದ್ರಾವಕದ ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಸುಲಭವಾಗಿ ಸ್ಫೋಟಿಸಬಲ್ಲದು, ಏಕೆಂದರೆ ಒಳಗೆ ಆವಿಯ ಜೊತೆ ಗಾಳಿಯೂ ಸೇರಿದೆ. ಅದನ್ನು ಗ್ಯಾಸಿನಿಂದ ಕತ್ತರಿಸುವುದು, ಬೆಸುಗೆ ಹಾಕುವುದು, ನೀರು ತುಂಬಲು ಮನೆಗೆ ಒಯ್ಯುವುದು ಯಾವುದೂ ಸಲ್ಲದು. ಶುದ್ಧಗೊಳಿಸುವವರ ಕೈಸೇರುವವರೆಗೆ ಅದರ ಹಳೆಯ ಹೆಸರುಚೀಟಿಯನ್ನು ಕೀಳದೆ, ಎರಡೂ ಬಿರಡೆಗಳನ್ನು ಬಿಗಿದು, ತುಂಬಿದ ಡ್ರಮ್ಮುಗಳನ್ನು ಇಡುವಷ್ಟೇ ಜಾಗ್ರತೆಯಿಂದ ಇಡಬೇಕು.